ಕಾರ್ಡಿನಲ್ಲಿ ಐದು ಲಕ್ಷ, ಮಾತ್ರೆಗೆ ಕೈಯಿಂದ ದುಡ್ಡು

ನಮ್ಮ ಆರೋಗ್ಯ ವ್ಯವಸ್ಥೆಯನ್ನು ಸುಧಾರಿಸುವ ಬಗೆಯನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೇವೆ ಆರಂಭಿಸಿ ತಾಲ್ಲೂಕು ಆರೋಗ್ಯಾಧಿಕಾರಿಯಾಗಿ ನಿವೃತ್ತರಾದ ವೈದ್ಯರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ತಾಯಿಗೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೇವೆ, ಐದು ಲಕ್ಷದವರೆಗೆ ಉಚಿತ ಎಂದರು. ಆದರೆ ತಿಂಗಳ ಮಾತ್ರೆ, ರಕ್ತಪರೀಕ್ಷೆ, ಡಾಕ್ಟರ ಫೀಸು ಎಲ್ಲವೂ ಕೈಯಿಂದಲೇ ಹೋಗುತ್ತಿದೆ. ಕಾರ್ಡು ಇದ್ದೂ ಯಾಕೆ ಹೀಗೆ? (ಹಾವೇರಿ ಜಿಲ್ಲೆಯಿಂದ)

ನಿಮ್ಮ ಕಾರ್ಡು ಸುಳ್ಳಲ್ಲ. ಅದು ಹಾಸಿಗೆಯ ಕಾರ್ಡು, ಅಷ್ಟೆ. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಡಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚು ಸಿಗುತ್ತದೆ. ದಾಖಲಾಗುವ ಮೊದಲಿನ 3 ದಿನ, ಮನೆಗೆ ಬಂದ ಮೇಲಿನ 15 ದಿನದ ಖರ್ಚೂ ಅದರಲ್ಲಿ ಸೇರಿದೆ. ಹೊರರೋಗಿಯಾಗಿ ಹೋಗಿ ಚೀಟಿ ಬರೆಸಿಕೊಂಡು ಬಂದರೆ ಅದರಲ್ಲಿ ನಯಾಪೈಸೆ ಇಲ್ಲ. ನಮ್ಮ ಮನೆಗಳಿಂದ ಆರೋಗ್ಯಕ್ಕೆಂದು ಹೋಗುವ ದುಡ್ಡಿನ ಹೆಚ್ಚಿನ ಪಾಲು ಸೋರುವುದು ಅಲ್ಲಿಯೇ, ಅದರಲ್ಲೂ ಔಷಧಿ ಅಂಗಡಿಯ ಕಟ್ಟೆಯಲ್ಲಿ.

ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಕೇಂದ್ರಕ್ಕೆ ಎಂಟು ಕಿಲೋಮೀಟರ್ ದೂರದ ಊರಿನಿಂದ ಕೂಲಿ ಮಾಡುವ ಹೆಂಗಸೊಬ್ಬರು ಬರುತ್ತಿದ್ದರು. ಬಿಪಿ ಮಾತ್ರೆ ಆಮ್ಲೋಡಿಪಿನ್, ದಿನಕ್ಕೊಂದು. ದಾಸ್ತಾನು ಕಡಿಮೆ ಇದ್ದಾಗ ನಮ್ಮ ಫಾರ್ಮಸಿಸ್ಟ್ ಹತ್ತು ಮಾತ್ರೆ ಕತ್ತರಿಸಿ, ಹಳೆಯ ಪೇಪರಿನಲ್ಲಿ ಮಡಚಿ, "ಮುಗಿದ ಮೇಲೆ ಬಾರಮ್ಮ" ಎಂದು ಕೊಡುತ್ತಿದ್ದ. ತಪ್ಪು ಅವನದಲ್ಲ; ಅವನು ಕೇಳಿದ ಇಂಡೆಂಟಿಗೆ (ಬೇಡಿಕೆ ಪಟ್ಟಿಗೆ) ಅರ್ಧ ಬಂದಿರುತ್ತಿತ್ತು. ಆಕೆಯ ಲೆಕ್ಕ ಬೇರೆ. ಹತ್ತು ಮಾತ್ರೆಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೂ ಕೊಡಬೇಕು. ಆದ್ದರಿಂದ ದಿನ ಬಿಟ್ಟು ದಿನ ನುಂಗಿ ಹತ್ತನ್ನು ಇಪ್ಪತ್ತು ಮಾಡಿಕೊಂಡರು. ಒಂದು ದಿನ ಬೆಳಿಗ್ಗೆ ಬಾಯಿ ಒಂದು ಕಡೆಗೆ ಎಳೆದು, ಬಲಗೈ ಬಿದ್ದುಹೋಗಿತ್ತು. ಜಿಲ್ಲಾ ಆಸ್ಪತ್ರೆ, ಅಲ್ಲಿಂದ ರೆಫರ್ ಪತ್ರ, ಅಲ್ಲಿಂದ ದೊಡ್ಡ ಆಸ್ಪತ್ರೆ. ಅಲ್ಲಿ ಕಾರ್ಡು ಚೆನ್ನಾಗಿಯೇ ಕೆಲಸ ಮಾಡಿತು. ದಿನಕ್ಕೆ ಒಂದು ರೂಪಾಯಿಯೂ ಬೀಳದ ಮಾತ್ರೆಗೆ ಇಲ್ಲದ ಹಣ, ಲಕ್ವ ಹೊಡೆದ ಮೇಲೆ ಸಾವಿರಗಳಲ್ಲಿ ಬಂತು. ಆದರೆ ಕೈ ಮೊದಲಿನಂತೆ ಆಗಲಿಲ್ಲ.

ಸುಧಾರಣೆ ಎಲ್ಲಿಂದ ಶುರುವಾಗಬೇಕು ಎಂದು ಯಾರು ಕೇಳಿದರೂ ನಾನು ಆ ಪೇಪರಿನ ಪೊಟ್ಟಣವನ್ನೇ ತೋರಿಸುತ್ತೇನೆ. ನೀವು ಸದ್ಯಕ್ಕೆ ಮಾಡಬಹುದಾದದ್ದು: ತಾಯಿಯವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಸಾಂಕ್ರಾಮಿಕ ರೋಗಗಳ ಪಟ್ಟಿಗೆ ನೋಂದಾಯಿಸಿ, 30 ದಿನದ ಮಾತ್ರೆ ಕೇಳಿ. ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರ. ವೈದ್ಯರು ಬ್ರ್ಯಾಂಡಿನ ಹೆಸರು ಬರೆದಿದ್ದರೆ ಮೂಲ ಔಷಧಿಯ ಹೆಸರು ಬರೆಸಿಕೊಳ್ಳಿ. ಕೇಳುವುದಕ್ಕೆ ಸಂಕೋಚ ಬೇಡ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆ ಸುಧಾರಿಸುವುದು ಆಗದ ಕೆಲಸ. ಎಲ್ಲರಿಗೂ ವಿಮೆ ಕೊಟ್ಟು, ಜನ ತಮಗೆ ಬೇಕಾದ ಖಾಸಗಿ ಆಸ್ಪತ್ರೆಗೆ ಹೋಗಲು ಬಿಟ್ಟರೆ ಸ್ಪರ್ಧೆಯಿಂದ ಎಲ್ಲವೂ ಸರಿಯಾಗುವುದಿಲ್ಲವೇ? (ಹುಬ್ಬಳ್ಳಿಯಿಂದ)

ವಿಮೆಯಿಂದ ಒಳ್ಳೆಯದಾಗಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ರಾಜ್ಯಕ್ಕೆ ಇದರಲ್ಲಿ ಬಹಳ ಹಿಂದಿನ ಅನುಭವವಿದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಬಂದ ಯಶಸ್ವಿನಿಯಲ್ಲಿ ತಲೆಗೆ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ವಂತಿಗೆ. ಹಾಲಿನ ಡೇರಿಯ ಸದಸ್ಯರೂ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯಲ್ಲಿ ಬಡವರಿಗೆ ಕ್ಯಾನ್ಸರ್, ಹೃದ್ರೋಗದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಸಿಕ್ಕಿತು. ಯೋಜನೆ ಇದ್ದ ಹಳ್ಳಿಗಳನ್ನೂ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು, ಆ ಕಾಯಿಲೆಗಳಿಂದಾದ ಬಡವರ ಸಾವು ಯೋಜನೆ ಇದ್ದ ಕಡೆ ಗಮನಾರ್ಹವಾಗಿ ಕಡಿಮೆ ಎಂದು 2014ರಲ್ಲಿ ತೋರಿಸಿತು. ಇದನ್ನು ಅಲ್ಲಗಳೆಯುವವರು ರೋಗಿಗಳನ್ನು ಕಂಡವರಲ್ಲ.

ತೊಡಕು ಇರುವುದು ವಿಮೆಯೊಂದೇ ಸಾಕು ಎನ್ನುವಲ್ಲಿ. ಮನೆ ಕಟ್ಟಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಮೇಸ್ತ್ರಿಗೆ ದಿನಗೂಲಿ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಗುತ್ತಿಗೆ ಕೊಟ್ಟರೆ ಸಿಮೆಂಟ್ ಕಡಿಮೆ ಬೀಳುತ್ತದೆ. ತಿಂಗಳ ಸಂಬಳ ಕೊಟ್ಟರೆ ಬೀಡಿ ಸೇದುತ್ತ ಕೂರುತ್ತಾನೆ. ವೈದ್ಯರೂ ಮನುಷ್ಯರೇ. ಮಾಡಿದ ಒಂದೊಂದು ಕೆಲಸಕ್ಕೂ ದುಡ್ಡು ಎಂದರೆ ಕೆಲಸಗಳ ಸಂಖ್ಯೆ ಏರುತ್ತದೆ. ಇಷ್ಟು ಜನರನ್ನು ವರ್ಷವಿಡೀ ನೋಡಿಕೊಳ್ಳಲು ತಲೆಗೆ ಇಷ್ಟು ಎಂದರೆ ಖರ್ಚು ಹಿಡಿತಕ್ಕೆ ಬರುತ್ತದೆ, ಆದರೆ ಬೇಕಾದ ಪರೀಕ್ಷೆಯನ್ನೂ ಮುಂದೂಡುವ ಆಸೆ ಹುಟ್ಟುತ್ತದೆ. ಸಂಬಳ ಎಂದರೆ ಅವಸರವಿಲ್ಲ, ಆಸಕ್ತಿಯೂ ಇಲ್ಲದಿರಬಹುದು. ಯಾವ ದೇಶವೂ ಇವುಗಳಲ್ಲಿ ಒಂದನ್ನೇ ಹಿಡಿದು ಗೆದ್ದಿಲ್ಲ, ಬೆರೆಸಿಕೊಂಡಿವೆ.

ನಮ್ಮ ವಿಮೆ ಯೋಜನೆಗಳು ಮಾಡಿದ ಕೆಲಸಕ್ಕೆ ದುಡ್ಡು ಕೊಡುವ ಬಗೆಯವು, ಅದೂ ಹಾಸಿಗೆಗೆ ಮಾತ್ರ. ಅದರ ಫಲವನ್ನು ನೋಡಿದ್ದೇವೆ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕಾಲದಲ್ಲಿ ಛತ್ತೀಸಗಢ, ಬಿಹಾರಗಳಲ್ಲಿ ಅಗತ್ಯವಿಲ್ಲದಿದ್ದರೂ ಬಡ ಹೆಂಗಸರ ಗರ್ಭಕೋಶ ತೆಗೆದ ಪ್ರಕರಣಗಳು 2012ರ ಸುಮಾರಿಗೆ ದೊಡ್ಡ ಸುದ್ದಿಯಾದವು. 2023ರ ಮಹಾಲೇಖಪಾಲರ ವರದಿಯಂತೆ, ಆಯುಷ್ಮಾನ್ ಭಾರತ್‌ನ ದಾಖಲೆಯಲ್ಲಿ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳಿಗೆ ಒಂದೇ ಮೊಬೈಲ್ ಸಂಖ್ಯೆ ಇತ್ತು: ಹತ್ತು ಒಂಬತ್ತುಗಳು. ಅದೆಲ್ಲ ವಂಚನೆ ಎನ್ನಬೇಕಾಗಿಲ್ಲ, ಕಂಪ್ಯೂಟರ್ ಮುಂದೆ ಕುಳಿತವರು ಖಾನೆ ತುಂಬಿಸಲು ಒತ್ತಿರಬಹುದು. ಆದರೆ ಯಾರ ಹೆಸರಿನಲ್ಲಿ ಏನು ನಡೆಯಿತು ಎಂದು ರೋಗಿಯನ್ನೇ ಫೋನಿನಲ್ಲಿ ಕೇಳಿ ನೋಡುವ ದಾರಿ ಅಲ್ಲಿ ಮುಚ್ಚಿತು.

ಸ್ಪರ್ಧೆಯ ಮಾತೂ ಅಷ್ಟೆ. ಹುಬ್ಬಳ್ಳಿಯಲ್ಲಿ ಹತ್ತು ಆಸ್ಪತ್ರೆಗಳು ಪೈಪೋಟಿ ನಡೆಸಬಹುದು. ದೇವದುರ್ಗದ ಒಳಗಿನ ಹಳ್ಳಿಗೆ ಒಂದೂ ಬರದಿದ್ದರೆ ಅಲ್ಲಿ ಯಾರು ಯಾರೊಡನೆ ಸ್ಪರ್ಧಿಸಬೇಕು?

ಪ್ರಶ್ನೆ: ಬ್ಯಾಂಕಾಕ್‌ಗೆ ಪ್ರವಾಸ ಹೋದಾಗ ನಮ್ಮ ಗೈಡ್, ತಮ್ಮ ದೇಶದಲ್ಲಿ 30 ಬಾತ್ (ಅಲ್ಲಿನ ಹಣ) ಕೊಟ್ಟರೆ ಯಾವ ಚಿಕಿತ್ಸೆಯೂ ಸಿಗುತ್ತದೆ ಎಂದು ಹೆಮ್ಮೆಯಿಂದ ಹೇಳಿದರು. ಅಮೆರಿಕದಷ್ಟು ಶ್ರೀಮಂತವೇನೂ ಅಲ್ಲದ ದೇಶ ಅದನ್ನು ಹೇಗೆ ಸಾಧಿಸಿತು? (ಶಿವಮೊಗ್ಗದಿಂದ)

ಈ ಪ್ರಶ್ನೆ ಬಂದದ್ದಕ್ಕೆ ಸಂತೋಷ. ಅಮೆರಿಕ, ಇಂಗ್ಲೆಂಡ್ ಎಂದು ಹೋಲಿಸುವುದರಲ್ಲೇ ನಮ್ಮ ಚರ್ಚೆ ಮುಗಿದುಹೋಗುತ್ತದೆ, ಕಲಿಯಬೇಕಾದದ್ದು ಥಾಯ್ಲೆಂಡಿನಿಂದ.

2001ರ ಜನವರಿಯಲ್ಲಿ, ಮುಂದೆ ಪ್ರಧಾನಿಯಾದ ತಕ್ಸಿನ್ ಶಿನವಾತ್ರ ಚುನಾವಣೆ ಗೆದ್ದದ್ದು 30 ಬಾತ್ ಭರವಸೆಯನ್ನೂ ಮುಂದಿಟ್ಟುಕೊಂಡು. ಆಗಿನ ವಿನಿಮಯದಲ್ಲಿ ಅದು ಹೆಚ್ಚುಕಡಿಮೆ ನಮ್ಮ 30 ರೂಪಾಯಿಯೇ. ಏಪ್ರಿಲ್‌ನಲ್ಲಿ ಆರು ಪ್ರಾಂತ್ಯಗಳಲ್ಲಿ ಪ್ರಯೋಗ, ಒಂದು ವರ್ಷದೊಳಗೆ ಇಡೀ ದೇಶದಲ್ಲಿ ಜಾರಿ, 2002ರಲ್ಲಿ ಕಾನೂನು. ಯಾವ ರಕ್ಷಣೆಯೂ ಇಲ್ಲದ ಸುಮಾರು 1.8 ಕೋಟಿ ಜನ ಹೀಗೆ ವ್ಯವಸ್ಥೆಯೊಳಗೆ ಬಂದರು. ಕೇಳಲು ಚುನಾವಣೆಯ ಪವಾಡದಂತಿದೆ. ಅಲ್ಲ.

ಆ ಭರವಸೆಯ ಹಿಂದಿದ್ದವರು ಸಂಗುವನ್ ನಿತ್ಯಾರಂಪೊಂಗ್ ಎಂಬ ವೈದ್ಯರು. ಕಲಿಕೆ ಮುಗಿಸಿ ಅವರು ಹೋದದ್ದು ಸಿಸಾಕೆಟ್ ಪ್ರಾಂತ್ಯದ ರಾಸಿ ಸಲೈ ಎಂಬ ಬಡ ಊರಿನ ಸಣ್ಣ ಆಸ್ಪತ್ರೆಗೆ. ಅವರಂಥ ಒಂದು ತಲೆಮಾರಿನ ವೈದ್ಯರನ್ನು ಅಲ್ಲಿನ ಸರ್ಕಾರ ಹಳ್ಳಿಗೆ ಕಳುಹಿಸಿತ್ತು. ಸರ್ಕಾರಿ ಖರ್ಚಿನಲ್ಲಿ ಓದಿದವರಿಗೆ ಮೂರು ವರ್ಷದ ಕಡ್ಡಾಯ ಸೇವೆ 1970ರ ದಶಕದ ಆರಂಭದಿಂದಲೂ ಇತ್ತು. 1980ರ ದಶಕದಲ್ಲಿ ಸರ್ಕಾರದವರು ಇನ್ನೊಂದು ಎದೆಗಾರಿಕೆಯ ಕೆಲಸ ಮಾಡಿದರು: ಕೆಲವು ವರ್ಷ ನಗರದ ಆಸ್ಪತ್ರೆಗಳಿಗೆ ಹೊಸ ಕಟ್ಟಡದ ಹಣ ನಿಲ್ಲಿಸಿ, ಅದನ್ನು ಜಿಲ್ಲೆಯ ಒಳಭಾಗದ ಆಸ್ಪತ್ರೆಗಳಿಗೂ ಆರೋಗ್ಯ ಕೇಂದ್ರಗಳಿಗೂ ಸುರಿದರು. ಅಂದರೆ 2001ರಲ್ಲಿ ಬೋರ್ಡು ಬರೆಯುವ ಹೊತ್ತಿಗೆ ಅಂಗಡಿ ಇತ್ತು, ಅಂಗಡಿಯಲ್ಲಿ ಸಾಮಾನೂ ಇತ್ತು. ನಾವು ಬೋರ್ಡಿನಿಂದ ಶುರುಮಾಡುವವರು.

ಹಣದ ದಾರಿಯನ್ನು ಗಮನಿಸಿ. ಮೊದಲು ತಲೆಗೆ ವರ್ಷಕ್ಕೆ 1,202 ಬಾತ್ ಎಂದು ನಿಗದಿಯಾಯಿತು. ಪ್ರತಿಯೊಬ್ಬರೂ ತಮ್ಮ ಜಿಲ್ಲೆಯ ಆಸ್ಪತ್ರೆ ಜಾಲದಲ್ಲಿ ಹೆಸರು ನೋಂದಾಯಿಸಬೇಕು. ಹೊರರೋಗಿ ಚಿಕಿತ್ಸೆಗೆ ಆ ಜಾಲಕ್ಕೆ ತಲೆಯೆಣಿಕೆಯಂತೆ ಹಣ. ಒಳರೋಗಿಗಳಿಗೆ ಕಾಯಿಲೆಯ ವರ್ಗಕ್ಕೆ ತಕ್ಕ ದರ, ಆದರೆ ಒಟ್ಟು ಮೊತ್ತಕ್ಕೆ ಮೇಲ್ಮಿತಿ. ಜನ ಎಲ್ಲಿದ್ದಾರೋ ಹಣ ಅಲ್ಲಿಗೆ ಹೋಯಿತು. ಬ್ಯಾಂಕಾಕ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಕೂಗೆಬ್ಬಿಸಿದವು, ಸಂಬಳವನ್ನೂ ಆ ಲೆಕ್ಕದಲ್ಲೇ ಸೇರಿಸಿದ್ದನ್ನು ಕೊನೆಗೆ ಹಿಂದೆಗೆದುಕೊಳ್ಳಬೇಕಾಯಿತು. ಅಲ್ಲಿಯೂ ಹೊಂದಾಣಿಕೆಗಳಾಗಿವೆ.

ಮೊದಲ ದಿನವೇ ಎಲ್ಲವನ್ನೂ ಕೊಡಲೂ ಇಲ್ಲ. ಎಚ್‌ಐವಿ ಔಷಧಿ ಸೇರಿದ್ದು, ಡಯಾಲಿಸಿಸ್ ಸೇರಿದ್ದು ನಂತರದ ವರ್ಷಗಳಲ್ಲಿ. ಡಯಾಲಿಸಿಸ್‌ಗೆ 2008ರಲ್ಲಿ ಅವರು ಆರಿಸಿಕೊಂಡದ್ದು ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ವಿಧಾನ, ಯಂತ್ರಗಳಿಗಾಗಿ ಊರೂರು ಅಲೆಯುವುದು ತಪ್ಪಲಿ ಎಂದು. ಎಚ್‌ಐವಿ ಔಷಧಿ ಎಫಾವಿರೆಂಜ್‌ಗೆ ಪೇಟೆಂಟ್ ಅಡ್ಡಬಂದಾಗ 2006ರಲ್ಲಿ ಕಡ್ಡಾಯ ಪರವಾನಗಿ (ಪೇಟೆಂಟ್ ಇದ್ದರೂ ಬೇರೆಯವರ ಔಷಧಿ ಬಳಸಲು ಸರ್ಕಾರ ಕೊಡುವ ಅನುಮತಿ) ಹೊರಡಿಸಿ ಅಗ್ಗದ ಜೆನೆರಿಕ್ ತರಿಸಿಕೊಂಡರು. ಎಲ್ಲಿಂದ ಎಂದುಕೊಂಡಿರಿ? ಭಾರತದಿಂದ.

ಇದೆಲ್ಲ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ ಎಂದಲ್ಲ. 1946ರಲ್ಲೇ ಜೋಸೆಫ್ ಭೋರ್ ಅವರ ಸಮಿತಿ, ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಬರೆದು, ದೂರದ ಗುರಿಯಾಗಿ 10ರಿಂದ 20 ಸಾವಿರ ಜನಕ್ಕೆ 75 ಹಾಸಿಗೆಯ ಒಂದು ಆಸ್ಪತ್ರೆ ಎಂದು ನಕ್ಷೆ ಹಾಕಿಕೊಟ್ಟಿತ್ತು. ಇಂದಿಗೂ ನಮ್ಮ ಮಾನದಂಡ ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ನಾಲ್ಕಾರು ಹಾಸಿಗೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರದ ಖರ್ಚು ಜಿಡಿಪಿಯ ಶೇ 2.5 ಆಗಬೇಕು ಎಂದಿತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಅದು ಶೇ 1.84, ಅದೂ ಕೋವಿಡ್‌ಗೆ ಧಾರಾಳವಾಗಿ ಖರ್ಚು ಮಾಡಿದ ವರ್ಷ. ಅದೇ ಲೆಕ್ಕದಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನ ಪಾಲು ಶೇ 39.4. 2013-14ರಲ್ಲಿ ಶೇ 64 ಇತ್ತು, ಇಳಿದಿರುವುದು ನಿಜ. ಥಾಯ್ಲೆಂಡಿನಲ್ಲಿ ಅದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು.

ಪ್ರಶ್ನೆ: ಹಣ ಸುರಿದರೆ ಸೋರಿಹೋಗುತ್ತದೆ ಅಷ್ಟೆ. ನಮ್ಮ ದೇಶದೊಳಗೇ ಸರಿಯಾಗಿ ಕೆಲಸ ಮಾಡಿದ ಒಂದಾದರೂ ಉದಾಹರಣೆ ಇದೆಯೇ? (ತುಮಕೂರಿನಿಂದ)

ಇದೆ, ಹೊಸೂರು ಗಡಿ ದಾಟಿದರೆ ಸಾಕು. ತಮಿಳುನಾಡು ವೈದ್ಯಕೀಯ ಸೇವೆಗಳ ನಿಗಮ 1995ರಿಂದ ಇಡೀ ರಾಜ್ಯಕ್ಕೆ ಒಟ್ಟಾಗಿ, ಮೂಲ ಔಷಧಿಯ ಹೆಸರಿನಲ್ಲಿ, ಬಹಿರಂಗ ಟೆಂಡರಿನಲ್ಲಿ ಔಷಧಿ ಕೊಳ್ಳುತ್ತಿದೆ. ಜಿಲ್ಲೆಗಳಲ್ಲಿ ಗೋದಾಮು, ಬಂದ ಪ್ರತಿ ಬ್ಯಾಚಿನ ಮಾದರಿ ಪ್ರಯೋಗಾಲಯದಲ್ಲಿ ಪಾಸಾದ ಮೇಲೆಯೇ ವಿತರಣೆ. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಪಾಸ್‌ಬುಕ್. ಬ್ಯಾಂಕಿನದರಂತೆಯೇ: ಪ್ರತಿ ಆಸ್ಪತ್ರೆಯ ಹೆಸರಿಗೆ ವರ್ಷಕ್ಕೆ ಇಷ್ಟು ಮೊತ್ತದ ಔಷಧಿ ಎಂದು ಜಮಾ. ವೈದ್ಯಾಧಿಕಾರಿ ತನಗೆ ಬೇಕಾದದ್ದನ್ನು ಗೋದಾಮಿನಿಂದ ಎತ್ತಿದಂತೆ ಅದು ಖರ್ಚಾಗುತ್ತದೆ. ಮೇಲಿನವರು ಕಳುಹಿಸಿದ್ದನ್ನು ಇಟ್ಟುಕೊಳ್ಳಬೇಕಾದ ಕಟ್ಟುಪಾಡಿಲ್ಲ. ಬೇಡದ ಸಿರಪ್ ಬಾಟಲಿಗಳು ಅವಧಿ ಮೀರಿ ಧೂಳು ತಿನ್ನುತ್ತಿದ್ದ ಕಪಾಟು, ಬೇಕಾದ ಬಿಪಿ ಮಾತ್ರೆಗೆ ಖಾಲಿ ಡಬ್ಬ: ಈ ಎರಡನ್ನೂ ಒಂದೇ ಕೋಣೆಯಲ್ಲಿ ನೋಡಿದವನಿಗೆ ಪಾಸ್‌ಬುಕ್ಕಿನ ಬೆಲೆ ತಿಳಿಯುತ್ತದೆ.

ರಾಜಸ್ಥಾನ 2011ರಲ್ಲಿ ಇದೇ ದಾರಿ ಹಿಡಿದು ಉಚಿತ ಔಷಧಿ ಯೋಜನೆ ತಂದಿತು. ನಮ್ಮಲ್ಲೂ ಔಷಧಿ ಕೊಳ್ಳಲು ನಿಗಮವಿದೆ. ಇದ್ದರೆ ಸಾಲದು ಎಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವುಗಳು ತೋರಿಸಿದವು. ಸರ್ಕಾರವೇ ಆಗ ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದತ್ತ ಬೆರಳು ತೋರಿಸಿತು. ಅಗ್ಗವಾಗಿ ಕೊಳ್ಳುವುದು ಅರ್ಧ ಕೆಲಸ, ಪರೀಕ್ಷಿಸುವುದು ಉಳಿದರ್ಧ.

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ 20 ಹಾಸಿಗೆಯ ನರ್ಸಿಂಗ್ ಹೋಂ ನಡೆಸುತ್ತಿರುವ ವೈದ್ಯ ನಾನು. ಆಯುಷ್ಮಾನ್ ಯೋಜನೆಯಲ್ಲಿ ಒಂದೊಂದು ಚಿಕಿತ್ಸೆಗೆ ಕಟ್ಟಿದ ಪ್ಯಾಕೇಜ್ ದರ ಗಿಟ್ಟುವುದಿಲ್ಲ, ಬಿಲ್ಲು ತಿಂಗಳುಗಟ್ಟಲೆ ಬರುವುದಿಲ್ಲ. ಸುಧಾರಣೆ ಎಂದೊಡನೆ ಎಲ್ಲರೂ ನಮ್ಮ ಮೇಲೆಯೇ ಏಕೆ ಬೀಳುತ್ತೀರಿ? (ಹಾಸನ ಜಿಲ್ಲೆಯಿಂದ)

ಡಾಕ್ಟರೇ, ನಿಮ್ಮ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ನಗರದ ಕಾರ್ಪೊರೇಟ್ ಆಸ್ಪತ್ರೆಗೂ ನಿಮಗೂ ಒಂದೇ ಅಳತೆಗೋಲು ಹಿಡಿಯುವುದು ಅನ್ಯಾಯ. ನಿಮ್ಮಲ್ಲಿ ಹೆಂಡತಿಯೇ ಅರಿವಳಿಕೆ ತಜ್ಞೆಯಾಗಿ, ತಮ್ಮನೇ ಔಷಧಿ ಅಂಗಡಿ ನೋಡಿಕೊಂಡು ನಡೆಯುವ ಸಂಸ್ಥೆ ಇರಬಹುದು. ಸರ್ಕಾರ ದರ ಇಳಿಸುವ ಮುನ್ನ ನಿಜವಾದ ವೆಚ್ಚದ ಲೆಕ್ಕ ತೆಗೆಯಬೇಕು, ಇಷ್ಟು ದಿನದೊಳಗೆ ಹಣ ಕೊಡದಿದ್ದರೆ ಬಡ್ಡಿ ಕೊಡಬೇಕು. ಇದು ಔದಾರ್ಯವಲ್ಲ. ಬಿಲ್ಲು ತಡವಾದರೆ ಒಳ್ಳೆಯ ಸಣ್ಣ ಆಸ್ಪತ್ರೆಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಉಳಿದ ಮಾತು ನಿಮಗೆ ಹಿಡಿಸಲಿಕ್ಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಕಷ್ಟದ ಹೆರಿಗೆಗಳು ನಿಮ್ಮಲ್ಲಿಗೆ ಬರುತ್ತವೆ, ಮುಹೂರ್ತ ನೋಡಿ ಬರುವ ಮನೆಯವರೂ ಇದ್ದಾರೆ, ಒಪ್ಪಿದೆ. ಮೂರರಷ್ಟನ್ನೂ ಮೀರಿದ ಅಂತರಕ್ಕೆ ಅಷ್ಟೇ ಕಾರಣ ಎಂದರೆ ನೀವೂ ನಂಬುವುದಿಲ್ಲ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಹೃದಯದ ರಕ್ತನಾಳ ತೆರೆದಿಡುವ ಔಷಧಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿ ಮಿತಿ ಹಾಕಿತು. ಅದಕ್ಕೆ ಮುಂಚೆ ಲಕ್ಷ ದಾಟಿದ ಬಿಲ್ಲುಗಳಿದ್ದವು. ಲೋಹದ ಬೆಲೆ ಒಂದು ರಾತ್ರಿಯಲ್ಲಿ ಇಳಿಯಲಿಲ್ಲವಲ್ಲ.

ಅದೇ ವರ್ಷ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ನಮ್ಮ ರಾಜ್ಯದ ಖಾಸಗಿ ವೈದ್ಯರು ಬಾಗಿಲು ಹಾಕಿ ಬೆಳಗಾವಿಗೆ ಹೋದರು; ಮಸೂದೆ ತೆಳುವಾಗಿ ಹೊರಬಂತು. 2023ರಲ್ಲಿ ರಾಜಸ್ಥಾನದ ಆರೋಗ್ಯ ಹಕ್ಕು ಕಾಯ್ದೆಯ ವಿಷಯದಲ್ಲೂ ಹಾಗೆಯೇ. ಇದು ನಮ್ಮ ದೇಶದ ರೋಗವೇನೂ ಅಲ್ಲ. ಕೆನಡಾದ ಸಾಸ್ಕಾಚೆವನ್ ಪ್ರಾಂತ್ಯದಲ್ಲಿ 1962ರ ಜುಲೈನಲ್ಲಿ ಸರ್ಕಾರಿ ವೈದ್ಯಕೀಯ ವಿಮೆ ಬಂದ ದಿನವೇ ವೈದ್ಯರು ಮುಷ್ಕರ ಹೂಡಿ 23 ದಿನ ನಡೆಸಿದರು. ಆಮೇಲೆ ಅದೇ ವಿಮೆಯಿಂದ ಅವರಿಗೆ ತಪ್ಪದೆ ಹಣ ಬರತೊಡಗಿತು, ಕೆಲವೇ ವರ್ಷಗಳಲ್ಲಿ ಇಡೀ ದೇಶ ಆ ಮಾದರಿಯನ್ನು ಅನುಸರಿಸಿತು. ನಿಮ್ಮ ಊರಿನ ಐದು ಸಾವಿರ ಜನರ ಹೊರರೋಗಿ ಚಿಕಿತ್ಸೆಯನ್ನು ತಲೆಯೆಣಿಕೆಯ ಮೇಲೆ, ಮುಂಗಡ ಹಣ ಪಡೆದು ನೋಡಿಕೊಳ್ಳಿ ಎಂದು ಸರ್ಕಾರ ಕೇಳಿದರೆ ನೀವು ಒಪ್ಪುವಿರಾ? ಇದಕ್ಕೆ ನಿಮ್ಮ ಉತ್ತರ ಓದಲು ನನಗೆ ನಿಜವಾಗಿ ಕುತೂಹಲವಿದೆ.

ಪ್ರಶ್ನೆ: ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್. ಇಲ್ಲಿ ಮಂಡಿ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು. ಊರಿಗೆ ಬಂದಾಗ ಒಂದೇ ವಾರದಲ್ಲಿ ಎಲ್ಲ ಮುಗಿಯುತ್ತದೆ. ಸರ್ಕಾರಿ ವ್ಯವಸ್ಥೆಯನ್ನು ಯಾಕೆ ಹೊಗಳುತ್ತೀರಿ?

ದುಡ್ಡಿದ್ದವರಿಗೆ ನಮ್ಮಲ್ಲಿ ಒಂದು ವಾರ, ಸರಿ. ಇಲ್ಲದವರು ಯಾವ ಸರದಿಯಲ್ಲೂ ಕಾಣಿಸುವುದಿಲ್ಲ, ಏಕೆಂದರೆ ಅವರು ನೋವು ನುಂಗಿಕೊಂಡು ಮನೆಯಲ್ಲಿರುತ್ತಾರೆ. ನಿಮ್ಮಲ್ಲಿ ಸರದಿ ಬರಹದಲ್ಲಿದೆ; 70 ಲಕ್ಷ ದಾಟಿದೆ ಎಂದು ಪತ್ರಿಕೆಗಳು ಸರ್ಕಾರವನ್ನು ಬೈಯುತ್ತವೆ. ನಮ್ಮ ಸರದಿಯನ್ನು ಎಣಿಸಿದವರಿಲ್ಲ.

1948ರ ಜುಲೈ 5ರಂದು ಆರಂಭವಾದ ನಿಮ್ಮ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಿಂದ ನಾನು ಬಯಸುವುದು ದೊಡ್ಡ ಆಸ್ಪತ್ರೆಗಳನ್ನಲ್ಲ, ಪ್ರತಿಯೊಬ್ಬರ ಹೆಸರೂ ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿರುವುದನ್ನು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್, ಮೂರೇ ವರ್ಷಕ್ಕೆ ಸರ್ಕಾರ ಕನ್ನಡಕ, ಹಲ್ಲಿನ ಸೆಟ್ಟಿಗೆ ಶುಲ್ಕ ಹಾಕಲು ಹೊರಟದ್ದಕ್ಕೆ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹೊಟ್ಟೆಗಿಲ್ಲದಂತೆ ನಡೆಸಿದರೆ ಯಾವ ವ್ಯವಸ್ಥೆಯೂ ಬಡವಾಗುತ್ತದೆ ಎಂಬುದನ್ನು ನೀವೇ ವಾರ್ಡಿನಲ್ಲಿ ದಿನವೂ ಕಾಣುತ್ತಿದ್ದೀರಿ.

ಪ್ರಶ್ನೆ: ನೀತಿ, ಕಾನೂನು ನಮ್ಮ ಕೈಯಲ್ಲಿಲ್ಲ. ಹಳ್ಳಿಯಲ್ಲಿರುವ ನಾವು ಏನು ಮಾಡಬಹುದು? (ಕೊಪ್ಪಳ ಜಿಲ್ಲೆಯಿಂದ)

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದು ಇದೆ. ಅದರ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಹೋಗಿ ಕೇಳಿ. ವೈದ್ಯಾಧಿಕಾರಿಯೊಡನೆ ಜಗಳಕ್ಕೆ ಇಳಿಯಬೇಡಿ. ನಿಮ್ಮ ಊರಿನ ಡಾಕ್ಟರನ್ನು ವಾರಕ್ಕೆ ಮೂರು ದಿನ ಬೇರೆ ಕೇಂದ್ರಕ್ಕೆ ನಿಯೋಜಿಸಿರಲೂಬಹುದು, ಅದು ಅವರ ತಪ್ಪಲ್ಲ. ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಕಬ್ಬಿಣಾಂಶದ ಮಾತ್ರೆ, ಹಾವು ಕಡಿತದ ಮತ್ತು ನಾಯಿ ಕಡಿತದ ಚುಚ್ಚುಮದ್ದು: ಈ ಐದನ್ನೇ ಹಿಡಿಯಿರಿ. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಇಂಡೆಂಟ್ ಹಾಕಿದರು, ಎಷ್ಟು ಬಂತು, ಎಷ್ಟು ದಿನ ದಾಸ್ತಾನು ಸೊನ್ನೆ ಇತ್ತು ಎಂಬುದು ದಾಸ್ತಾನು ಪುಸ್ತಕದಲ್ಲಿ ಇರುತ್ತದೆ. ಬಾಯಿಮಾತಿನಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ಒಂದೇ ವಿಷಯ, ಚಿಕ್ಕ ಅರ್ಜಿ. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳುಹಿಸಿ. ನಾನು ಕುರ್ಚಿಯಲ್ಲಿದ್ದಾಗ ಅಂಥ ಕಾಗದ ಬಂದದ್ದು ಎರಡೇ ಸಲ. ಎರಡು ಸಲವೂ, ಅದನ್ನು ಲಗತ್ತಿಸಿ ಬರೆದ ಮೇಲೆಯೇ ನನ್ನ ಇಂಡೆಂಟ್ ಪೂರ್ತಿ ಬಂತು.